ವಾರಗಿತ್ತಿಯ ನೆರಳು

ನಮ್ಮೂರಿನಲ್ಲಿ ನೆರಳು ಸೂರ್ಯನ ಮಾತು ಕೇಳುವುದಿಲ್ಲ. ಗುಡ್ಡದ ಮರಗಳು ತಮಗೆ ಬೇಕಾದ ಕಡೆಗೆ ನೆರಳನ್ನು ಕಳಿಸುತ್ತವೆ. ಬೆಳಿಗ್ಗೆ ಮುದ್ದೆ ತಿರುವಿ, ಮನೆಮಂದಿ ಉಂಡು, ಪಾತ್ರೆ ಬೆಳಗಿ ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಅವು ಗುಡ್ಡದಿಂದ ಇಳಿಯತೊಡಗುತ್ತವೆ. ಹಳ್ಳ ದಾಟಿ, ಡಾಂಬರು ರಸ್ತೆ ದಾಟಿ, ಹಿಟ್ಟಿನ ಗಿರಣಿಯ ಹಿಂದಿನಿಂದ ನುಗ್ಗಿ, ದಾರಿ ಬಲ್ಲ ಹಸುವಿನ ಹಾಗೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಮಲಗುತ್ತವೆ. ಇಳಿಹೊತ್ತಿಗೆ ಎದ್ದು ಹೋಗುತ್ತವೆ. ಬಸ್ಸಿನ ಡ್ರೈವರ್ ಹೊಸಬನಾದರೆ ರಸ್ತೆಗೆ ಅಡ್ಡ ಹರಿಯುವ ಕಪ್ಪನ್ನು ಕಂಡು ಬ್ರೇಕ್ ಹಾಕುತ್ತಾನೆ. ಹಳಬನಾದರೆ ಹಾರನ್ ಹೊಡೆಯುತ್ತಾನೆ, ಅಷ್ಟೆ.

ಹಿಂದೆಲ್ಲ ನೆರಳು ಬಂದ ಮನೆಯವರನ್ನು ಕಂಡರೆ ಊರೇ ಅಯ್ಯೋ ಅನ್ನುತ್ತಿತ್ತು. ಅಂಥವರ ಅಂಗಳದಲ್ಲಿ ಮೆಣಸಿನಕಾಯಿ ಒಣಗುವುದಿಲ್ಲ, ಹುಣಸೆಹಣ್ಣಿಗೆ ಬೂಸಲು ಹಿಡಿಯುತ್ತದೆ, ಒಗೆದ ಬಟ್ಟೆಗೆ ಮುಗ್ಗಲು ವಾಸನೆ. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದದ್ದೇ ಗಂಡಿನ ಮನೆಯ ಅಂಗಳಕ್ಕೆ ಬಿಸಿಲು ಬರುತ್ತದೋ ಇಲ್ಲವೋ ಎಂದು. ನನ್ನನ್ನು ಈ ಊರಿಗೆ ಕೊಡುವಾಗ ನಮ್ಮಪ್ಪ ಮಧ್ಯಾಹ್ನದ ತನಕ ಇದೇ ಅಂಗಳದಲ್ಲಿ ಕೂತು, ನೆತ್ತಿ ಕಾದ ಮೇಲೆ, ಸರಿ ಎಂದು ಎದ್ದದ್ದು. ಬಿಸಿಲು ನೋಡಿ ಕೊಟ್ಟ ಮನೆಯಲ್ಲಿ ಕೂತು ನೆರಳಿಗಾಗಿ ಹೊಟ್ಟೆ ಉರಿದುಕೊಂಡವಳು ನಾನೊಬ್ಬಳೇ ಇರಬೇಕು.

ನನ್ನ ಹೆಸರು ಜವನಮ್ಮ. ಮನೆಯಲ್ಲಿ ನನ್ನ ಗಂಡ, ಅವನ ತಮ್ಮ ಮರಿಸ್ವಾಮಿ, ಮರಿಸ್ವಾಮಿಯ ಹೆಂಡತಿ ರಾಜಮಣಿ, ಅಂದರೆ ನನ್ನ ವಾರಗಿತ್ತಿ. ಮನೆ ಭಾಗವಾದಾಗ ಅಣ್ಣತಮ್ಮಂದಿರು ಅಂಗಳದ ನಡುವೆ ಮೊಣಕಾಲೆತ್ತರದ ಗೋಡೆ ಹಾಕಿಸಿಕೊಂಡರು. ನಮಗೆ ಹೆಂಗಸರಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ, ಕೂತು ಮಾತಾಡಲು ಒಂದು ಜಾಗ ಆಯಿತು. ಹಳ್ಳದ ಆಚೆಗಿನ ಮುತ್ತುಗದ ತೋಪಿನಲ್ಲಿ ನಾವಿಬ್ಬರೂ, ಇನ್ನೂ ನಾಲ್ಕಾರು ಮನೆಯ ಹೆಂಗಸರೂ ಎಲೆ ಕೊಯ್ಯುತ್ತಿದ್ದೆವು. ಕೊಯ್ದು ತಂದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ, ಹೋಟೆಲಿಗೂ ಮದುವೆ ಮನೆಗೂ ಕೊಟ್ಟರೆ ಕೈಗೆ ನಾಲ್ಕು ಕಾಸು. ಅದು ನಮ್ಮ ಸೆರಗಿನ ಗಂಟು, ಗಂಡಂದಿರು ಅದರ ಸುದ್ದಿಗೆ ಬರುತ್ತಿರಲಿಲ್ಲ.

ತೋಪಿನಲ್ಲಿ ಒಂದು ಪದ್ಧತಿ ಇದೆ. ಕೊಂಬೆಗೆ ಕೈ ಹಾಕುವ ಮುಂಚೆ ಮರಕ್ಕೆ ಮನೆಯ ಒಂದು ಸುದ್ದಿ ಹೇಳಬೇಕು. ದೊಡ್ಡ ಸುದ್ದಿಯೇ ಆಗಬೇಕೆಂದಿಲ್ಲ. ಎಮ್ಮೆ ಈಯ್ದದ್ದು, ಅತ್ತೆಗೆ ಕೆಮ್ಮು ಬಂದದ್ದು, ನಿನ್ನೆಯ ಸಾರಿಗೆ ಉಪ್ಪು ಹೆಚ್ಚಾದದ್ದು, ಏನಾದರೂ ನಡೆಯುತ್ತದೆ. ಸುಮ್ಮನೆ ಕೊಯ್ದರೆ ಹಚ್ಚುವಾಗ ಎಲೆ ಸೀಳುತ್ತದೆ. ಬೇಸಿಗೆಯಲ್ಲಿ ತೋಪಿನ ಸುತ್ತ ತರಗು ಗುಡಿಸಿ ಬೆಂಕಿದಾರಿ ಮಾಡುವವರೂ ನಾವೇ. ಬರಿಯ ಮಣ್ಣಿನ ಆ ಪಟ್ಟಿ ಇದ್ದರೆ ಆಚೆಯ ಬೆಂಕಿ ಈಚೆಗೆ ದಾಟುವುದಿಲ್ಲ. ಎಲೆ ಹೊತ್ತು ತಂದು ಸಂತೆಬೀದಿಯ ಉಪ್ಪಿನಕಟ್ಟೆಯ ಮೇಲೆ ಸಾಲಾಗಿ ಕೂತು ಹಚ್ಚುತ್ತಿದ್ದಾಗ ತೋಪಿನ ನೆರಳೂ ಹಿಂದಿನಿಂದ ಬಂದು ನಮ್ಮೆಲ್ಲರ ಮೇಲೆ ಮಲಗುತ್ತಿತ್ತು. ಇದು ಯಾರ ನೆರಳು ಎಂದು ಯಾರೂ ಕೇಳಿದವರಲ್ಲ. ನಮ್ಮಲ್ಲಿ ಹಿರಿಯಳಾದ ಚೆನ್ನಾಜಮ್ಮ ಅದರಡಿಯಲ್ಲೇ ಒಂದು ನಿದ್ದೆ ತೆಗೆದು, ಎದ್ದು, ಮಾತು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು.

ಆಮೇಲೆ ನೆರಳುಕೂಲಿ ಬಂತು. ಮರವೇ ಇಲ್ಲದೆ ಬೇಯುವ ಯಾವುದೋ ದೂರದ ಪಟ್ಟಣದವರು ನಮ್ಮ ಗುಡ್ಡದ ಮರಗಳು ನಿಂತೇ ಇರಲಿ ಎಂದು ವರ್ಷ ವರ್ಷ ಹಣ ಕೊಡುತ್ತಾರಂತೆ. ಕಾಡು ಸಮಿತಿಯ ಅಧ್ಯಕ್ಷ ಗುರುಮಲ್ಲಪ್ಪ ಮೈಕ್ ಕಟ್ಟಿಸಿ ಹೇಳಿದ. ಯಾವ ಮನೆಯ ಅಂಗಳಕ್ಕೆ ನೆರಳು ಬಂದು ಬೀಳುತ್ತದೋ ಆ ಮನೆಯವರು ಆ ಮರಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೆಂದು ಅರ್ಥ. ಕೂಲಿ ಆ ಮನೆಯ ಯಜಮಾನನಿಗೆ. ಕೂಲಿ ಕೊಟ್ಟ ಮೇಲೆ ಆ ಮರದ ಎಲೆ, ಕಾಯಿ, ಕಡ್ಡಿಯನ್ನು ಆ ಮನೆಯವರೂ ಮುಟ್ಟುವಂತಿಲ್ಲ, ಬೇರೆಯವರೂ ಮುಟ್ಟುವಂತಿಲ್ಲ.

ಊರು ಒಂದೇ ವಾರದಲ್ಲಿ ತಿರುಗಿ ನಿಂತಿತು. ಅಂಗಳ ತಗ್ಗಾಗಿದ್ದರೆ ಮಣ್ಣು ಹೊಡೆಸಿದರು, ಉಬ್ಬಾಗಿದ್ದರೆ ಕೆತ್ತಿಸಿದರು. ನೆರಳು ತಂಪು ಕಂಡು ಬರುತ್ತದೆಂದು ಹೊತ್ತು ಹೊತ್ತಿಗೂ ನೀರು ಚಿಮುಕಿಸಿದರು. ಗಿರಣಿಯ ಕರಿಶೆಟ್ಟಿಯಂತೂ ಗುಡ್ಡದ ನೆರಳಿಗೆ ಜಾಗ ಸಾಲದು ಎಂದು ತನ್ನ ಅಂಗಳದ ಬೇವಿನ ಮರವನ್ನೇ ಕಡಿಸಿದ. ನನ್ನ ಗಂಡನೂ ಬಿಡಲಿಲ್ಲ.

"ನಾಳೆಯಿಂದ ಉಪ್ಪಿನಕಟ್ಟೆಗೆ ಓಗೋದು ಬ್ಯಾಡ," ಎಂದ. "ಅಂಗಳ ಸಾರಿಸ್ಕಂಡು ಮನೇಲಿರು. ಚೊಕ್ಕ ಇರೋ ಕಡೆ ಬತ್ತದಂತೆ."

"ಇಷ್ಟು ವರ್ಷ ಚೊಕ್ಕ ಇರ್ಲಿಲ್ವಾ?"

"ಇತ್ತು. ಈಗ ಇನ್ನೊಂಚೂರು ಮಾಡು."

ಎಲ್ಲರ ಮನೆಯಲ್ಲೂ ಇದೇ ಮಾತು. ಕಟ್ಟೆ ಬಿಕೋ ಎಂದಿತು. ಕೂಲಿಗಾಗಿ ನೆರಳು ಅಳೆಯುವ ಮೊದಲ ದಿನ ನಾನು ನನ್ನ ಅಂಗಳದಲ್ಲಿ, ರಾಜಮಣಿ ಅವಳ ಅಂಗಳದಲ್ಲಿ ನಿಂತಿದ್ದೆವು. ಮುತ್ತುಗದ ನೆರಳು ರಸ್ತೆ ದಾಟಿ ಬಂತು. ನಮ್ಮಿಬ್ಬರ ಬಾಗಿಲ ಮುಂದೆ ಒಂದು ಗಳಿಗೆ ನಿಂತಿತು. ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಗೋಡೆಯ ಆ ಪಕ್ಕಕ್ಕೆ ಹೊರಳಿತು.

ಹೊಟ್ಟೆಕಿಚ್ಚು ಎಂದರೆ ಮಾತಿಗೆ ಅನ್ನುತ್ತಾರೆ ಎಂದುಕೊಂಡಿದ್ದೆ. ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ. ಅವಳಿಗಿಂತ ಹೆಚ್ಚು ವರ್ಷ ನಾನು ಆ ತೋಪು ಗುಡಿಸಿದ್ದೇನೆ. ಅವಳಿಗಿಂತ ಮುಂಚೆ ಈ ಮನೆಗೆ ಬಂದವಳು, ಅವಳಿಗೆ ಎಲೆ ಹಚ್ಚುವುದನ್ನು ಕಲಿಸಿದವಳು ನಾನು. ಕಡ್ಡಿ ಚುಚ್ಚಲು ಬಾರದೆ ಬೆರಳು ಚುಚ್ಚಿಕೊಂಡು ಅಳುತ್ತಿದ್ದಾಗ ಅರಿಸಿನ ಹಚ್ಚಿದವಳು ನಾನು. ಮರಕ್ಕೆ ಅದೊಂದೂ ಕಾಣಲಿಲ್ಲವೇ? ಅವಳು ಅಲ್ಲಿ ಮರದ ಕಿವಿಯಲ್ಲಿ ಏನು ಸುದ್ದಿ ಹೇಳಿದ್ದಾಳೋ, ನನ್ನ ಮೇಲೆ ಏನು ಚಾಡಿ ಹೇಳಿದ್ದಾಳೋ ಎಂದು ರೊಟ್ಟಿ ತಟ್ಟುವಾಗಲೂ ಅದೇ ಯೋಚನೆ. ಎಷ್ಟು ರೊಟ್ಟಿ ಸೀದವು ಎಂದು ನನ್ನ ಗಂಡನನ್ನು ಕೇಳಿ.

ತೋಪಿಗೆ ಬೇಲಿ ಬಿತ್ತು. ಎಲೆ ಇಲ್ಲದೆ ನಾನು ಊರಾಚೆ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗತೊಡಗಿದೆ. ದಿನವಿಡೀ ಬಗ್ಗಿ ಹೂ ಬಿಡಿಸಿ, ಉಗುರೆಲ್ಲ ಹಳದಿಯಾಗಿ ಬಂದರೆ, ಗೋಡೆಯಾಚೆ ಮರಿಸ್ವಾಮಿ ಹೊಸ ಬೈಕನ್ನು ನೆರಳಿಗೆ ನಿಲ್ಲಿಸಿ, ಚಾಪೆ ಹಾಸಿ, ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದ. ರಾಜಮಣಿ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಕಾಫಿ ಲೋಟ ಹಿಡಿದು ಓಡಾಡುತ್ತಿದ್ದಳು. ಅವಳು ಓಡಾಡುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ. ಅವಳ ಅಂಗೈ ಅಂಗಾಲು ತಣ್ಣಗಿರುವುದಷ್ಟೇ ಕಾಣುತ್ತಿತ್ತು. ತವರಿಗೆ ಹೋಗಲೂ ಮರಿಸ್ವಾಮಿ ಬಿಡುತ್ತಿರಲಿಲ್ಲವಂತೆ, ಅಂಗಳ ಸಾರಿಸಲು ಯಾರಿದ್ದಾರೆ ಎಂದು. ಇರಲಿ, ತಣ್ಣಗೆ ಇರಲಿ ಎಂದುಕೊಂಡೆ.

ಒಂದು ದಿನ ಅವಳು ಗೋಡೆಯ ಮೇಲೆ ಮೆಣಸಿನಕಾಯಿಯ ಮೊರ ಇಟ್ಟಳು.

"ಅಕ್ಕ, ನಿನ್ನ ಅಂಗಳದಲ್ಲಿ ಒಂಚೂರು ಹರವ್ತೀಯಾ? ನಮ್ಮಲ್ಲಿ ಒಣಗೋದೇ ಇಲ್ಲ."

"ಯಾಕವ್ವ, ನಿಮ್ಮ ನೆರಳು ಎಲ್ಲ ಕೊಡ್ತದಲ್ಲ. ಮೆಣಸಿನಕಾಯಿ ಒಣಗಿಸಿ ಕೊಡಾಕಿಲ್ವಾ?"

"ನಂಗೇನು ಕೊಟ್ಟದೆ ಬುಡಕ್ಕ."

"ಬೈಕು ಕೊಟ್ಟದೆ."

"ಅದರ ಮೇಲೆ ನನ್ನ ಒಂದಿನ ಕೂರ್ಸಿದ್ರೆ ಕೇಳು."

"ಕೂರ್ಸಿದ್ರೂ ಯಾವ ಕಡೆ ಓದೀಯ? ಅಂಗಳ ಕಾಯ್ಬೇಕಲ್ಲ."

ಅವಳು ಮೊರ ಅಲ್ಲೇ ಬಿಟ್ಟು ಒಳಗೆ ಹೋದಳು. ನಾನು ಮೆಣಸಿನಕಾಯಿ ಹರವಿದೆ. ಹರವುತ್ತಾ, ಇಷ್ಟೂ ಅವಳ ಕಣ್ಣಿಗೆ ಘಾಟು ಹತ್ತಲಿ ಎಂದುಕೊಂಡೆ. ಹತ್ತಿದ್ದು ನನ್ನ ಕಣ್ಣಿಗೆ.

ಯುಗಾದಿ ಹತ್ತಿರ ಬಂತು. ಹಬ್ಬ ಕಳೆದ ಮೇಲೆ ಎರಡನೆಯ ಅಳತೆ. ಈ ಸಲವೂ ನೆರಳು ಅತ್ತ ಹೋದರೆ ನನ್ನ ಪಾಲಿಗೆ ಎಲೆಯೂ ಇಲ್ಲ, ಕೂಲಿಯೂ ಇಲ್ಲ, ಬಾಳಿಡೀ ಇನ್ನೊಬ್ಬರ ಹೊಲದ ಚೆಂಡುಹೂವೇ ಗತಿ. ಅಷ್ಟರಲ್ಲಿ ಹೊಲದಲ್ಲಿ ಚೆನ್ನಾಜಮ್ಮ ಒಂದು ಮಾತು ಹೇಳಿದಳು. ಈ ವರ್ಷ ತೋಪಿನ ಬೆಂಕಿದಾರಿ ಯಾರೂ ಗುಡಿಸಿಲ್ಲವಂತೆ. ಕೂಲಿ ತೆಗೆದುಕೊಂಡವರು ಕೂತಿದ್ದಾರೆ, ಗುಡಿಸುತ್ತಿದ್ದವರಿಗೆ ಬೇಲಿ.

"ಗುಡ್ಸಿದೋರ ಕಡೆ ಮರ ವಾಲ್ತದಾ ಅತ್ತೆ?" ಎಂದು ಕೇಳಿದೆ. ಹಿರಿಯಳಾದ್ದರಿಂದ ಅವಳನ್ನು ನಾವೆಲ್ಲ ಅತ್ತೆ ಎನ್ನುತ್ತೇವೆ.

"ಮರ ವಾಲ್ತದೋ ಇಲ್ವೋ, ಸೊಂಟವಂತೂ ವಾಲ್ತದೆ," ಎಂದಳು.

ಆದರೂ ನನ್ನ ತಲೆಯಲ್ಲಿ ದಾರಿ ಹೊಳೆದುಬಿಟ್ಟಿತ್ತು. ಮರುದಿನ ಕೋಳಿ ಕೂಗುವಾಗಲೇ ಎದ್ದು ಕಾಡುಪೊರಕೆ ಹಿಡಿದು ಹಳ್ಳದ ಮೇಲಿನ ತುದಿಯಿಂದ ಬೇಲಿ ನುಸುಳಿದೆ. ಮುತ್ತುಗ ಹೂ ಉದುರಿಸಿ ಹೊಸ ಎಲೆ ಬಿಡುತ್ತಿತ್ತು, ಮೊಲದ ಕಿವಿಯಷ್ಟು ಮೆತ್ತಗೆ. ಗುಡಿಸುತ್ತಾ ಸುದ್ದಿಯನ್ನೂ ಹೇಳಿದೆ. ಸುದ್ದಿ ಏನು, ಎಲ್ಲ ಬಡಾಯಿ. ಸಾರಿಸಿದ ನನ್ನ ಅಂಗಳ ಕನ್ನಡಿಯ ಹಾಗಿದೆ ಎಂದೆ. ನಮ್ಮ ಮನೆಯಲ್ಲಿ ಯಾರೂ ಇಸ್ಪೀಟು ಆಡುವುದಿಲ್ಲ ಎಂದೆ. ರಾಜಮಣಿ ಒಳ್ಳೆಯವಳೇ, ಆದರೆ ಸೋಮಾರಿ ಎಂದೆ. ಮರಗಳು ಕೇಳಿಸಿಕೊಂಡವು. ಹೂಂಗುಟ್ಟಲಿಲ್ಲ.

ಹೀಗೆ ಹಬ್ಬದ ತನಕ ದಿನವೂ ಹೋದೆ. ಹೊಲದ ಕೆಲಸ ಶುರುವಾಗುವ ಹೊತ್ತಿಗೆ ಇಳಿದು ಬರುತ್ತಿದ್ದೆ. ಅಳತೆಯ ದಿನ ಕೂಲಿಗೆ ಬರುವುದಿಲ್ಲ ಎಂದು ಹೇಳಿ, ಉಳಿದದ್ದನ್ನು ಗುಡಿಸಿ ಮುಗಿಸಲು ಹೋದೆ. ಮೇಲಿನಿಂದ ಗುಡಿಸುತ್ತಾ ತೋಪಿನ ತಿರುವು ದಾಟಿದರೆ ಮುಂದಿನ ದಾರಿ ಆಗಲೇ ಚೊಕ್ಕವಾಗಿದೆ. ಪೊರಕೆಯ ಗೀರುಗಳು ಮಣ್ಣಿನ ಮೇಲೆ ಹಸಿಯಾಗಿವೆ. ಒಂದು ಮರದ ಹಿಂದೆ ನಿಂತು ನೋಡಿದೆ. ಕೆಳಗಿನ ತುದಿಯಲ್ಲಿ ರಾಜಮಣಿ ಸೆರಗು ಸಿಕ್ಕಿಸಿ ಗುಡಿಸುತ್ತಿದ್ದಾಳೆ, ಗುಡಿಸುತ್ತಾ ಮರಗಳಿಗೆ ಬಯ್ಯುತ್ತಿದ್ದಾಳೆ.

"ನಿಮಗೆ ಬೇರೆ ಮನೆ ಸಿಗಲ್ವಾ? ಪಕ್ಕದಲ್ಲಿ ನಮ್ಮಕ್ಕ ಅವಳೆ. ಅಂಗಳ ಕನ್ನಡಿ ಇದ್ದಂಗದೆ. ಅಲ್ಲಿ ಓಗ್ರಿ. ನಂಗೆ ಬ್ಯಾಡ ಅಂತ ಎಷ್ಟು ಸಲ ಯೋಳ್ಬೇಕು?"

ನನಗೆ ಬಂದದ್ದು ಸಿಟ್ಟು. ನಾನು ಹಂಬಲಿಸಿ ಸಾಯುವುದನ್ನು ಇವಳು ಬೇಡ ಎನ್ನುತ್ತಿದ್ದಾಳಲ್ಲ ಎಂದು. ಪೊರಕೆ ಹಿಡಿದೇ ಹೋಗಿ ಎದುರು ನಿಂತೆ.

"ನಂಗೆ ದಾನ ಮಾಡಕ್ಕೆ ನೀನ್ಯಾರೆ?"

ಅವಳು ಬೆಚ್ಚಿದಳು. ನನ್ನ ಕೈಯ ಪೊರಕೆ ನೋಡಿದಳು. ಆಮೇಲೆ ನನ್ನ ಹಿಂದಿನ ಗುಡಿಸಿದ ದಾರಿ ನೋಡಿದಳು.

"ನೀನಾ ಮೇಲುಗಡೆ ಗುಡಿಸ್ತಿದ್ದದ್ದು? ನಾನು ಯಾವುದೋ ದೆವ್ವ ಅನ್ಕಂಡಿದ್ದೆ."

"ದೆವ್ವ ಆಗಿದ್ರೆ ಮೊದಲು ನಿನ್ನೇ ಹಿಡೀತಿದ್ದೆ."

"ಹಿಡೀಬಾರ್ದಾ ಅಕ್ಕ. ಒಂದು ವರ್ಷ ಆಯ್ತು, ಯಾರಾದ್ರೂ ನನ್ನ ಹಿಡ್ದು ಮಾತಾಡ್ಸಿ." ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. "ನೀನು ಬೆಳಿಗ್ಗೆ ಹೂವಿನ ಹೊಲಕ್ಕೆ ಓಗ್ತೀಯಲ್ಲ, ಎಲ್ಲಾರೂ ಕಿಲಕಿಲ ಅನ್ಕಂಡು ಓಗ್ತೀರಲ್ಲ, ನಿನ್ನ ಚಪ್ಪಲಿ ಸದ್ದು ರಸ್ತೆ ಕೊನೇವರ್ಗೂ ಕೇಳಿಸ್ಕತೀನಿ. ನಿನ್ನ ಕೂಲಿ ನಿನ್ನ ಸೆರಗಲ್ಲೇ ಅದೆ. ನನ್ನ ನೆರಳಿನ ಕೂಲಿ ಯಾವ ಬಣ್ಣ ಅಂತ ನಾನು ಕಂಡಿಲ್ಲ. ಎಲೆ ಅಡಿಕೆಗೂ ಅವ್ರನ್ನೇ ಕೇಳ್ಬೇಕು. ನಿನ್ನ ಅಂಗಳದ ಬಿಸಿಲು ನೋಡಿದ್ರೆ ನಂಗೆ ಹೊಟ್ಟೆ ಉರೀತದೆ, ನಿಜವಾಗ್ಲೂ."

"ಬಿಸಿಲು ನೋಡಿ ಯಾರಾದ್ರೂ ಹೊಟ್ಟೆ ಉರ್ಕತಾರಾ?"

"ನೆರಳು ನೋಡಿ ಉರ್ಕಳೋರು ಇರುವಾಗ?"

ನಗು ಬಂತು. ನಗಬಾರದೆಂದು ಪೊರಕೆ ಕುಟ್ಟಿದೆ. ನನ್ನ ಉರಿಗೆ ಅವಳ ಉರಿ ಸರಿಗಟ್ಟುವುದೂ ನನಗೆ ಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಗುಡಿಸು ಎಂದೆ. ಇಬ್ಬರೂ ಗುಡಿಸಿದೆವು. ಮಾತು ಬೆಳೆಯಿತು. ಒಂದು ವರ್ಷದ ಮಾತು ಬಾಕಿ ಇತ್ತಲ್ಲ, ಅವಳು ಒಬ್ಬಳೇ ಅತ್ತದ್ದು, ನನ್ನ ರೊಟ್ಟಿ ಸೀದದ್ದು, ಎಲ್ಲ. ಹೊತ್ತು ನೆತ್ತಿಗೇರಿದ್ದು ತಿಳಿಯಲಿಲ್ಲ. ತಲೆ ಸುಡುತ್ತಿದೆಯಲ್ಲ ಎಂದು ನಾನು ಸೆರಗು ಹೊದ್ದುಕೊಂಡು ನೋಡಿದರೆ, ನಾನು ನಿಂತ ಕಡೆ ಸುಡುಬಿಸಿಲು. ಇಡೀ ತೋಪಿನ ನೆರಳು ರಾಜಮಣಿಯ ಸುತ್ತ ಮಡುವಿನ ಹಾಗೆ ನಿಂತಿದೆ. ಊರಿಗೆ ಇಳಿದೇ ಇಲ್ಲ. ಅವಳು ಎರಡು ಹೆಜ್ಜೆ ಹಾಕಿದರೆ ಅದೂ ಎರಡು ಹೆಜ್ಜೆ.

"ಇವತ್ತು ಅಳತೆ," ಎಂದೆ. ಇಬ್ಬರೂ ಪೊರಕೆ ಸಮೇತ ಓಡಿದೆವು.

ಮರಿಸ್ವಾಮಿಯ ಅಂಗಳದಲ್ಲಿ ಊರೇ ಸೇರಿತ್ತು. ಅಳತೆಯ ಸಾಹೇಬರು, ತೆಳ್ಳಗಿನ ಮನುಷ್ಯ, ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ಟೇಪು ಹಿಡಿದು ನಿಂತಿದ್ದರು. ಅಂಗಳದ ತುಂಬ ಬೆಳ್ಳನೆಯ ಬಿಸಿಲು.

"ಬತ್ತದೆ ಸ್ವಾಮಿ, ದಾರೀಲಿ ತಡ ಆಗದೆ," ಎನ್ನುತ್ತಿದ್ದ ಮರಿಸ್ವಾಮಿ.

ಗೋಡೆಯ ಈಚೆಯಿಂದ ನನ್ನ ಗಂಡ, "ದಾರಿ ಬದಲಾಗದೆ ಸ್ವಾಮಿ. ನಮ್ಮಲ್ಲಿ ಒಂಚೂರು ಕೂತು ನೋಡಿ," ಎನ್ನುತ್ತಿದ್ದ.

ಆಗ ರಾಜಮಣಿ ರಸ್ತೆ ದಾಟಿದಳು. ಅವಳ ಸೀರೆಯಂಚಿಗೆ ಕಟ್ಟಿದ ಹಾಗೆ, ರಸ್ತೆಯಗಲದ ನೆರಳು ಹಿಂದೆ ಹಿಂದೆಯೇ ಬಂತು. ಜನ ದಾರಿ ಬಿಟ್ಟು ಸರಿದರು. ಚೆನ್ನಾಜಮ್ಮ ಮಾತ್ರ ನಿಂತಲ್ಲೇ, "ಹಸು ಅನ್ಕಂಡಿದ್ವಿ, ಇದು ಕರ," ಎಂದಳು.

ರಾಜಮಣಿ ಎರಡು ಬಾಗಿಲುಗಳ ನಡುವೆ ನಿಂತಳು. ನನ್ನನ್ನು ನೋಡಿದಳು. ನನ್ನ ಮುಖ ಏನೋ ಹೇಳಿರಬೇಕು. ಅವಳು ನನ್ನ ಅಂಗಳಕ್ಕೆ ಹೋಗಿ ಜಗುಲಿಯ ಮೇಲೆ ಕೂತುಬಿಟ್ಟಳು. ನನ್ನ ಅಂಗಳ ತುಂಬಿತು. ಅಪ್ಪ ಬಿಸಿಲು ನೋಡಿ ಒಪ್ಪಿದ ಅಂಗಳ ಮೂಲೆ ಮೂಲೆಯೂ ಕಪ್ಪಾಗಿ ತಣ್ಣಗಾಯಿತು.

"ಅಳೀರಿ ಸ್ವಾಮಿ, ಬೇಗ ಅಳೀರಿ," ಎಂದ ನನ್ನ ಗಂಡ.

"ಏಯ್, ಎದ್ದು ಬಾ ಈಚೆ," ಎಂದ ಮರಿಸ್ವಾಮಿ.

ಅವಳು ಎದ್ದು ತಮ್ಮ ಅಂಗಳಕ್ಕೆ ಹೋದಳು, ನೆರಳೂ ಹೋಯಿತು. "ಬಾ ಕೂಸೆ, ಕೂತ್ಕೊ, ಮಜ್ಜಿಗೆ ಕುಡಿ," ಎಂದು ನನ್ನ ಗಂಡ ಲೋಟ ಹಿಡಿದು ಗೋಡೆಯ ತನಕ ಬಂದ. ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ನನಗೆ ಮಜ್ಜಿಗೆ ಕುಡಿಯುತ್ತೀಯಾ ಎಂದು ಒಂದು ದಿನ ಕೇಳಿದ್ದಿಲ್ಲ. ಸಾಹೇಬರು ಟೇಪು ಹಿಡಿದು ಆಚೆಗೂ ಈಚೆಗೂ ಓಡಾಡಿ ಬೆವರಿದರು. ಕೊನೆಗೆ ಟೇಪು ಸುತ್ತಿ ಜೇಬಿಗಿಟ್ಟರು.

"ನೆರಳು ಅಂಗಳದ್ದಲ್ಲ, ಈ ಅಮ್ಮನದು," ಎಂದರು. ಆಮೇಲೆ ನನ್ನ ಕೈಯ ಪೊರಕೆ ನೋಡಿ, "ನೀವೂ ಅಲ್ಲಿಂದಲೇ ಬಂದಿರಲ್ಲ, ನೀವೂ ಸ್ವಲ್ಪ ನಡೆಯಿರಿ ನೋಡೋಣ," ಎಂದರು.

ನಡೆದೆ. ನಮ್ಮ ಬಾಗಿಲಿನಿಂದ ಗಿರಣಿಯ ಗೋಡೆಯವರೆಗೆ ಊರಿನ ಕಣ್ಣುಗಳ ಮುಂದೆ ನಡೆದೆ. ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ, ಬೆನ್ನು ಸುಡುತ್ತಿತ್ತು. ಮರ ಯಾಕೆ ಅವಳನ್ನೇ ಹಿಡಿಯಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನೂ ಅಷ್ಟೇ ಗುಡಿಸಿದವಳು. ನ್ಯಾಯ ಹೇಳಲು ಮರಕ್ಕೆ ಬಾಯಿಲ್ಲ.

ನಾನು ತಿರುಗಿ ಬರುವ ಹೊತ್ತಿಗೆ ಮರಿಸ್ವಾಮಿ ವಾದ ಹೂಡಿದ್ದ. "ಹೆಂಡ್ತಿ ನಂದಲ್ವಾ ಸ್ವಾಮಿ? ಅವಳ ನೆರಳೂ ನಂದೇಯ. ನನ್ನ ಹೆಸರೇ ಇರ್ಲಿ."

ರಾಜಮಣಿ ಅಂಗಳ ಇಳಿದು ರಸ್ತೆಯ ನಡುವೆ ಹೋಗಿ ನಿಂತಳು. ಡಾಂಬರಿನ ಮೇಲೆ ನೆರಳು ಹರಡಿತು.

"ಇಲ್ಲಿ ಅಳೀರಿ," ಎಂದಳು.

"ಇಲ್ಲಿ ಯಾವ ಮನೆಯೂ ಇಲ್ಲವಲ್ಲಮ್ಮ."

"ನಾನಿದ್ದೀನಲ್ಲ ಸ್ವಾಮಿ."

ಸಾಹೇಬರು ಕೊರಳಿನ ಟವೆಲಿನಿಂದ ಮುಖ ಒರೆಸಿಕೊಂಡರು. ಅವರೇ ಅದರ ಒಳಗೆ ಒಂದು ಹೆಜ್ಜೆ ಸರಿದು ನಿಂತು ಪೆನ್ನು ತೆಗೆದರು. ಹೆಸರು ಕೇಳಿದರು, ಹೇಳಿದಳು. ಗಂಡನ ಹೆಸರು ಕೇಳಿದರು.

"ಗಂಡನ ಹೆಸರು ಬಾಯಲ್ಲಿ ಯೋಳೋ ಪದ್ಧತಿ ನಮ್ಮಲ್ಲಿಲ್ಲ ಸ್ವಾಮಿ."

ಅದು ನಿಜವೇ, ನಮ್ಮ ಹೆಂಗಸರು ಹೇಳುವುದಿಲ್ಲ. ಬೇರೆ ಯಾರಾದರೂ ಹೇಳಬೇಕು. ಸಾಹೇಬರು ಮರಿಸ್ವಾಮಿಯ ಕಡೆ ನೋಡಿದರು. ಅವನು ಮುನಿಸಿಕೊಂಡು ಬೈಕಿನ ಕನ್ನಡಿ ಒರೆಸುತ್ತಾ ಬಾಯಿ ಬಿಡಲಿಲ್ಲ. ಸಾಹೇಬರು ಆ ಜಾಗವನ್ನು ಖಾಲಿ ಬಿಟ್ಟರು.

"ಇನ್ನೊಂದು ಮಾತದೆ," ಎಂದಳು ರಾಜಮಣಿ. "ಎಲೆ ಮೊದಲಿನಂಗೆ ಕೊಯ್ತೀವಿ. ಸುಳಿ ಬುಟ್ಟು, ಕೊಂಬೆ ಮುರೀದಂಗೆ."

ಅಧ್ಯಕ್ಷ ಗುರುಮಲ್ಲಪ್ಪ ಮುಂದೆ ಬಂದ. "ಕೂಲಿ ತಗಂಡ ಮೇಲೆ ಮುಟ್ಟಂಗಿಲ್ಲ ಕಣವ್ವ. ರೂಲ್ಸು."

"ಹಂಗಾದ್ರೆ ಕೂಲಿ ನಿಮಗೇ ಇರ್ಲಿ ಅಣ್ಣ. ನಾಳೆ ಬಸ್ಸಿಗೆ ನಮ್ಮವ್ವನ ಊರಿಗೆ ಓಯ್ತೀನಿ. ಇದೂ ಬತ್ತದೆ. ಅಲ್ಲೇ ಬಂದು ಅಳ್ಕಳಿ."

ಗುರುಮಲ್ಲಪ್ಪನ ಮುಖ ನೋಡಬೇಕಿತ್ತು. ತೋಪಿನ ನೆರಳು ಬಸ್ಸಿನ ಹಿಂದೆ ಪಕ್ಕದೂರಿಗೆ ಹೋದರೆ ಅಲ್ಲಿಯ ಸಮಿತಿಯವರು ಪಟಾಕಿ ಹೊಡೆಯುವುದು ಅವನ ಕಣ್ಣಿಗೆ ಕಟ್ಟಿರಬೇಕು. ಸಾಹೇಬರ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅವರು ತಲೆಯಾಡಿಸಿದರು. ಬೆಂಕಿದಾರಿ ಗುಡಿಸಿ ಕಾಯುವವರು ಎಲೆ ಕೊಯ್ಯಬಹುದು, ಆದರೆ ಕಾಡಿನೊಳಗೆ ಒಬ್ಬರೇ ಹೋಗುವಂತಿಲ್ಲ, ಸದ್ಯಕ್ಕೆ ಜೊತೆಗೆ ಇನ್ನೊಬ್ಬರ ಹೆಸರು ಬೇಕು ಎಂದರು.

"ನನ್ನ ಬರ್ಕಳಿ," ಎಂದಳು ಚೆನ್ನಾಜಮ್ಮ. "ಗುಡಿಸಕ್ಕಾಗಲ್ಲ, ಮಾತಾಡಕ್ಕಾಯ್ತದೆ."

"ನೀನು ಹೆಸರಿಲ್ದೇನೇ ಬತ್ತೀಯ ಬುಡತ್ತೆ," ಎಂದ ರಾಜಮಣಿ ನನ್ನ ಕಡೆ ಕೈ ತೋರಿಸಿದಳು. "ನಮ್ಮಕ್ಕ."

ಸಾಹೇಬರು ನನ್ನನ್ನು ಕೇಳಿದರು, "ಒಪ್ಪಿಗೆಯೇನಮ್ಮ?"

ಹೂಂ ಎಂದರೆ ಎಲೆ ಸಿಗುತ್ತದೆ. ಚೆಂಡುಹೂವಿನ ಹೊಲ ತಪ್ಪುತ್ತದೆ. ಸೆರಗಿಗೆ ಗಂಟು ಬರುತ್ತದೆ. ಆದರೆ ಅದು ಅವಳ ಬಾಯಿಂದ ಬಂದದ್ದು, ನಾನು ಕಡ್ಡಿ ಹಿಡಿಯಲು ಕಲಿಸಿದವಳ ಬಾಯಿಂದ. ಇಡೀ ಊರಿನ ಮುಂದೆ ನನ್ನ ಬೆನ್ನಿಗೆ ಬಿಸಿಲು ಬಿದ್ದಾದ ಮೇಲೆ. ಊಹೂಂ ಎನ್ನಲು ನಾಲಿಗೆ ಎದ್ದೇ ಇತ್ತು. ಗಂಡ ನಮ್ಮ ಅಂಗಳದಿಂದ ಕಣ್ಣಲ್ಲೇ ಒಪ್ಪಿಕೋ ಎನ್ನುತ್ತಿದ್ದ. ಅದಕ್ಕಾಗಿಯೇ ಪೊರಕೆಯನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದೆ.

"ಅವಳ ಕೈಕೆಳಗಿನ ಆಳಾಗಿ ನಾನು ಬರಾಕಿಲ್ಲ," ಎಂದೆ. "ತೋಪಿನ ಮೇಲಿನ ಅರ್ಧ ನಂದು, ಕೆಳಗಿನ ಅರ್ಧ ಅವಳದು. ಅವಳ ಅರ್ಧಕ್ಕೆ ನಾನು ಕೈ ಹಾಕಲ್ಲ, ನನ್ನ ಅರ್ಧಕ್ಕೆ ಅವಳು ಹಾಕಂಗಿಲ್ಲ. ಕೂಲಿ ಅವಳದೇ, ಅದರಲ್ಲಿ ನಂಗೇನೂ ಬ್ಯಾಡ."

"ಹೀಗೆಲ್ಲ ಬರೆಯಲು ಇದರಲ್ಲಿ ಜಾಗವಿಲ್ಲಮ್ಮ," ಎಂದರು ಸಾಹೇಬರು.

"ಬರೀಬ್ಯಾಡಿ ಸ್ವಾಮಿ, ನಂಗೆ ಕೇಳಿಸ್ತು," ಎಂದಳು ರಾಜಮಣಿ.

ಜನ ಚದುರಿದರು. ಮರಿಸ್ವಾಮಿ ಬೈಕನ್ನು ತಳ್ಳಿಕೊಂಡು ಹೋಗಿ ಒಳಗಿಟ್ಟ, ನಿಲ್ಲಿಸಲು ಹೊರಗೆ ನೆರಳಿರಲಿಲ್ಲ. ಬೆಂಕಿದಾರಿ ಇನ್ನೂ ಒಂದಷ್ಟು ಉಳಿದಿತ್ತು, ಬಿಸಿಗಾಳಿ ಬೇರೆ ಎದ್ದಿತ್ತು. ಒಂದು ಕಿಡಿ ಬಿದ್ದರೆ ಯಾರ ಅರ್ಧವೂ ಉಳಿಯುವುದಿಲ್ಲ. ಇಬ್ಬರೂ ಪೊರಕೆ ಎತ್ತಿಕೊಂಡು ಹೊರಟೆವು. ರಾಜಮಣಿ ರಸ್ತೆಯ ನಡುವೆ, ಅವಳ ಸುತ್ತ ನೆರಳು. ನಾನು ರಸ್ತೆಯ ಅಂಚಿನಲ್ಲಿ, ಕಾದ ಡಾಂಬರಿನ ಮೇಲೆ, ಬೇಕೆಂದೇ ನೆರಳಿನ ಗೆರೆಗೆ ಕಾಲು ತಾಗದ ಹಾಗೆ.

"ಒಳಕ್ಕೆ ಬಾ ಅಕ್ಕ," ಎಂದಳು.

"ನಂಗೆ ಬಿಸಿಲೇ ಸರಿ."

"ನಿನ್ನಿಷ್ಟ."

ಗಿರಣಿ ದಾಟಿದೆವು. ಕಟ್ಟೆಯ ಮೇಲೆ ಕೂತವರು ನೋಡುತ್ತಿದ್ದರು, ನಾನು ಗೆರೆಯ ಆಚೆಯೇ ನಡೆದೆ. ಹಳ್ಳದ ತಿರುವು ಬಂತು. ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ. ಅವಳು ಮುಂದೆ ನೋಡುತ್ತಾ, ಏನೂ ಕಾಣದವಳ ಹಾಗೆ ಒಂದಿಷ್ಟು ಪಕ್ಕಕ್ಕೆ ಸರಿದು ನಡೆದಳು. ನಾನು ಒಂದು ಹೆಜ್ಜೆ ಒಳಗಿಟ್ಟೆ. ಇನ್ನೊಂದನ್ನೂ ಇಟ್ಟೆ. ಅಂಗಾಲಿನಿಂದ ನೆತ್ತಿಯ ತನಕ ತಣ್ಣಗಾಯಿತು. ಅಷ್ಟು ತಣ್ಣಗಿತ್ತು ಅದು. ಇಷ್ಟು ತಣ್ಣಗಿರುವುದು ಇವಳದಾಯಿತಲ್ಲ ಎಂದುಕೊಂಡಾಗ ಹೊಟ್ಟೆ ಮತ್ತೆ ಉರಿಯಿತು.